ಬೂಟಿನಲ್ಲಿ ಮೊಳೆತ ಓಕ್

ನಮ್ಮ ಕಾಕಾ ಓಕ್ ಮರ ಬೆಳೆಸಲು ಹೊರಟದ್ದನ್ನು ಮನೆಯವರು ಹೇಳುವಾಗ ಅದರಲ್ಲಿ ಒಬ್ಬ ವೀರ, ಒಂದು ಕನಸು ಸೇರಿಕೊಳ್ಳುತ್ತವೆ. ಎರಡನ್ನೂ ನಾನು ಕಂಡಿಲ್ಲ. ಕಂಡದ್ದು ಮಮದಾಪುರದ ನಮ್ಮ ಅಂಗಳದಲ್ಲಿ ಮಿಲಿಟರಿ ಕೋಟು ಹಾಕಿಕೊಂಡು ಭಾಷಣ ಮಾಡುತ್ತಿದ್ದ ಒಬ್ಬ ಸೋಮಾರಿಯನ್ನು.

ಸ್ವಾತಂತ್ರ್ಯ ಬಂದು ಕೆಲವು ವರ್ಷಗಳಾಗಿದ್ದವು. ಒಂದು ಶ್ರಾವಣದಲ್ಲಿ ಆತ ಪಲ್ಟನ್ ಬಿಟ್ಟು ಊರಿಗೆ ಬಂದ. ಉತ್ತರದ ಬೆಟ್ಟಗಳಿಂದ ಒಂದು ಚೀಲ ಓಕ್ ಬೀಜ ತಂದಿದ್ದ. ನುಣುಪಾದ ಕಂದು ಬೀಜ, ತಲೆಗೊಂದು ಪುಟ್ಟ ಟೊಪ್ಪಿಗೆ. ಬಾವಿಯ ಪಕ್ಕದ ಜಾಗ ಅವಕ್ಕೆ ಬೇಕೆಂದ. ಅಲ್ಲಿ ಕಬ್ಬು ಹಚ್ಚಬೇಕೆಂದಿದ್ದ ಅಪ್ಪ ಓಣಿಯ ಮಂದಿಯ ಮುಂದೆ ನಕ್ಕ.

"ಒಂದರ ಮೊಳಕಿ ಒಡೀಲಿ, ಆ ಜಾಗಾ ನಿಂದು. ಇಲ್ಲಾಂದ್ರ ಸುಮ್ಮನ ನನ್ನ ಜೋಡಿ ಹೊಲಕ್ಕ ಬಾ."

"ಆಮ್ಯಾಲ ಹಿಂದ ಸರೀಬ್ಯಾಡಣ್ಣಾ!"

ಜೋಳದ ಬೀಜಕ್ಕೆ ಮಾಡುವುದನ್ನೇ ಕಾಕಾ ಇವಕ್ಕೂ ಮಾಡಿಸಿದ. ಮಾಳಿಗೆಯ ಮೇಲೆ ಒಣಗಿಸಿ, ಬೂದಿ ಹಚ್ಚಿ, ಗಡಿಗೆಯಲ್ಲಿ ತುಂಬಿ ಹಿಂಗಾರಿಗೆ ಕಾದ. ಒಣಗಿದರೆ ಓಕ್ ಬೀಜ ಸಾಯುತ್ತದೆ. ಆ ಮರಗಳ ಕೆಳಗೆ ವರ್ಷಗಟ್ಟಲೆ ಕವಾಯತು ಮಾಡಿದವನಿಗೆ ಅದು ಗೊತ್ತಿರಲಿಲ್ಲ. ಎಲ್ಲ ಬಲ್ಲವರಂತೆ ತಲೆದೂಗಿದ ನಮ್ಮೂರ ಹಿರಿಯರಿಗೂ ಗೊತ್ತಿರಲಿಲ್ಲ. ಬಿತ್ತಿದ ಒಂದು ಬೀಜವೂ ಏಳಲಿಲ್ಲ.

ಮೊಳೆತದ್ದು ಬಚ್ಚಲ ಮೂಲೆಗೆ ಎಸೆದಿದ್ದ ಅವನ ಹಳೆಯ ಬೂಟಿನೊಳಗೆ ಉರುಳಿ ಉಳಿದಿದ್ದ ಬೀಜ. ದಾರದ ತೂತಿನಿಂದ ಬಿಳಿಯ ಬಾಲದಂಥದ್ದು ಹೊರಗೆ ಇಣುಕಿತ್ತು. ಎಡಗಾಲಿನ ಬೂಟೋ ಬಲಗಾಲಿನದೋ ನನಗೆ ನೆನಪಿಲ್ಲ. ನೆನಪಿದೆ ಎನ್ನುವವರನ್ನು ನಾನು ನಂಬುವುದಿಲ್ಲ. ಆ ಬಿಳಿ ಬಾಲವೇ ಬೇರು. ಕಾಕಾ ಅದನ್ನೇ ಚಿಗುರೆಂದು ತಿಳಿದು, ಮೇಲ್ಮುಖ ಮಾಡಿ ಬಾವಿಯ ಪಕ್ಕ ನೆಟ್ಟ. ಬೀಜಕ್ಕೆ ಅವನಿಗಿಂತ ಬುದ್ಧಿ ಇತ್ತು. ಬೇರು ತಾನೇ ಬಾಗಿ ಮಣ್ಣಿಗಿಳಿಯಿತು, ಸ್ವಲ್ಪ ದಿನಕ್ಕೆ ಚಿಗುರು ಎದ್ದಿತು.

ಅಪ್ಪ ಅವನಿಗಿಂತ ಮೇಲೇನಲ್ಲ. "ಬೂಟಿನ್ಯಾಗ ಮೊಳತೈತಿ. ಬೂಟ ಇಟ್ಕೋ, ಜಾಗಾ ಯಾಕ?" ಎಂದ.

"ಭಾವಾರ, ಓಣಿ ಮಂದಿ ಕೇಳ್ಯಾರ್ರಿ ನೀವು ಅಂದದ್ದನ್ನ," ಎಂದಳು ಕಾಕಿ.

ಅಪ್ಪ ಗೊಣಗುತ್ತ ಜಾಗ ಬಿಟ್ಟುಕೊಟ್ಟ. ಮುಂದಿನ ವಾರವೇ ಕಾಕಾ ಘೋಡಗೇರಿಯ ಮಾವನ ಮನೆಯಿಂದ ಎಮ್ಮೆ ಹೊಡೆದುಕೊಂಡು ಬಂದು, ಅಲ್ಲಿ ಕೊಟ್ಟಿಗೆಯ ಕಂಬಕ್ಕೆ ಕುಣಿ ತೋಡತೊಡಗಿದ.

"ಕಾಕಾ, ಅಲ್ಲಿ ಸಸಿ ಐತಲ್ಲ?" ಎಂದೆ.

"ಅದರ ಕೆಲಸಾ ಮುಗೀತು ಬಿಡೋ."

ಸಸಿಯನ್ನು ಬೇರುಸಹಿತ ಕಿತ್ತು ಎಮ್ಮೆಯ ಮುಂದೆ ಎಸೆದ. ಎಮ್ಮೆ ಮೂಸಿ ನೋಡಿ ಮುಖ ತಿರುಗಿಸಿತು.