ಬೆಳ್ಳಿದೊರೆಯ ಐದನೆಯ ಹಾಡು

ಭಾನುವಾರ, ಸಂಜೆ ನಾಲ್ಕು ಗಂಟೆ, ಹುಣಸೂರಿನ ನಮ್ಮ ಮನೆಯ ಜಗಲಿ. ಹಾಜರಿದ್ದವರು ಗಾಯಕ ಶಿವಣ್ಣ, ಗಿಟಾರಿನ ಸಿದ್ದಪ್ಪ, ಕೀಬೋರ್ಡಿನ ಮಾದೇವಮ್ಮ, ಡ್ರಮ್ಮಿಗೆ ನಾನು. ನಾನು ಬಸ್ ಡಿಪೋದಲ್ಲಿ ಬಸ್ಸುಗಳು ಬಂದುಹೋಗುವ ವೇಳೆ ಬರೆದುಕೊಳ್ಳುತ್ತಲೇ ನಿವೃತ್ತನಾದವನು. ಹಾಜರಿ ಹಾಕದೆ ನನಗೆ ಯಾವ ಕೆಲಸವೂ ಶುರುವಾಗುವುದಿಲ್ಲ, ಮನ್ನಿಸಿ.

ಡ್ರಮ್ಮಿನ ಗವಸು ಕೊಡವಿದೆ. ಜರಿಯ ಚೂರೊಂದು ಹೊಳೆಯುತ್ತ ನೆಲಕ್ಕೆ ಬಿತ್ತು. ಹಿಂದೆ ಶಿವಣ್ಣ ಮುಖಕ್ಕೆ ಅಂಟಿಸಿಕೊಳ್ಳುತ್ತಿದ್ದ ಜರಿ ಅದು. ಎಷ್ಟು ಸಲ ಗುಡಿಸಿದರೂ ಆ ಮನುಷ್ಯನ ಹೊಳಪು ನನ್ನ ಮನೆಯಿಂದ ಹೋಗಿಲ್ಲ.

ನಮ್ಮ ಹರೆಯದಲ್ಲಿ, ಬೈಲಕುಪ್ಪೆಯ ಕಡೆ ಬಂದಿದ್ದ ವಿದೇಶಿಯೊಬ್ಬ ಬಿಟ್ಟುಹೋದ ರೆಕಾರ್ಡು ಹೇಗೋ ಶಿವಣ್ಣನ ಕೈ ಸೇರಿತ್ತು. ಗ್ಲ್ಯಾಮ್ ರಾಕ್ ಅಂತೆ, ವೇಷ ಕಟ್ಟಿ ಹಾಡುವ ಇಂಗ್ಲಿಷ್ ಸಂಗೀತ. ರಟ್ಟಿನ ಮೇಲೆ ಮುಖಕ್ಕೆ ಬಣ್ಣ ಬಳಿದು, ಎತ್ತರದ ಹಿಮ್ಮಡಿಯ ಬೂಟು ತೊಟ್ಟ ಗಾಯಕ; ಹಿಂದೆ ಮಬ್ಬಿನಲ್ಲಿ ಮೂವರು ವಾದ್ಯದವರು. ಶಿವಣ್ಣ ನೋಡಿದ್ದು ಮುಂದಿನವನನ್ನು. ನನಗೆ ಹಿಂದಿನವರದೇ ಕುತೂಹಲ. ಇವರ ಊಟ ಯಾವಾಗ? ಸಾಮಾನು ಹೊರುವವರು ಯಾರು? ಗಾಯಕ ಎದ್ದುಹೋದರೆ ಇವರೇನು ಮಾಡುತ್ತಾರೆ?

“ಒಂದೊಂದು ಬ್ಯಾರೆ ಹಾಡಲ್ಲ ಕಣ್ಲಾ, ಇಡೀ ರೆಕಾರ್ಡೇ ಒಂದು ಕತೆ” ಎಂದ ಶಿವಣ್ಣ. ಹಾಗೆ ಹುಟ್ಟಿದ್ದು ನಮ್ಮ ‘ಬೆಳ್ಳಿದೊರೆ’, ಐದು ಹಾಡಿನ ಒಂದೇ ಕತೆ. ಆಕಾಶದ ದೊರೆ ಅಂತರಸಂತೆಯ ಸಂತೆಯಲ್ಲಿ ಇಳಿಯುತ್ತಾನೆ, ಮೆರೆಯುತ್ತಾನೆ, ನಾಲ್ಕನೆಯ ಹಾಡಿನಲ್ಲಿ ಕೈಮುಗಿದು ಹೊರಟುಹೋಗುತ್ತಾನೆ. ಐದನೆಯದನ್ನು ಶಿವಣ್ಣ ಅಭ್ಯಾಸಕ್ಕೇ ತರಲಿಲ್ಲ. “ಅದ್ನ ಸ್ಟೇಜ್ ಮೇಲೇ ಯೋಳ್ತೀನಿ ಬುಡು.”

ನಮ್ಮ ಕಡೆ ಗಣಪತಿ ಕೂರಿಸಿದಲ್ಲೆಲ್ಲ ಒಂದು ಕಟ್ಟಳೆ: ಜನ ‘ಒನ್ಸ್ ಮೋರ್’ ಎಂದರೆ ಆ ಹಾಡನ್ನು ಮತ್ತೆ ಹಾಡಲೇಬೇಕು. ಹಂಪಾಪುರದಲ್ಲಿ ದೊರೆ ಕೈಮುಗಿದು ಹೋದ. ಒನ್ಸ್ ಮೋರ್! ಬಂದು ಮತ್ತೆ ಹೋದ. ಮತ್ತೆ ಒನ್ಸ್ ಮೋರ್!

“ವೋಯ್ತೀನಿ ವೋಯ್ತೀನಿ ಅಂತ ಇಲ್ಲೇ ಅವ್ನಲ್ಲಪ್ಪಾ! ಬಸ್ ಸಿಗ್ಲಿಲ್ವಾ?” ಎಂದು ಮುಂದೆ ಕೂತಿದ್ದ ಮುದುಕಿ ಕೂಗಿದಳು.

ಅಷ್ಟರಲ್ಲಿ ಹೊತ್ತಾಯಿತೆಂದು ಮೈಕಿನವನು ತಂತಿ ಕಿತ್ತ. ಪಿರಿಯಾಪಟ್ಟಣದಲ್ಲೂ ಅದೇ ಕತೆ, ಕೆ.ಆರ್. ನಗರದಲ್ಲೂ ಅದೇ. ಐದನೆಯ ಹಾಡು ಯಾರ ಕಿವಿಗೂ ಬೀಳದೆ ತಂಡ ಚದುರಿತು.

ಈಗ ಶಿವಣ್ಣನ ಗಂಟಲಲ್ಲಿ ಗಡ್ಡೆ. ಮಂಗಳವಾರ ಮೈಸೂರಿನಲ್ಲಿ ಆಪರೇಷನ್. ದನಿ ಉಳಿಯುತ್ತದೆಂದು ಡಾಕ್ಟರು ಮಾತು ಕೊಟ್ಟಿಲ್ಲ. ಅದಕ್ಕೂ ಮೊದಲು ಒಮ್ಮೆ ಕತೆ ಮುಗಿಸಬೇಕೆಂದು ಅವನ ಆಸೆ. ಅದು ಹೇಗೆ ಮುಗಿಯುತ್ತದೆಂದು ತಿಳಿಯುವ ಆಸೆ ನನ್ನದು. ‘ಇವತ್ತು ಯಾರೂ ಒನ್ಸ್ ಮೋರ್ ಅನ್ನಕೂಡದು’ ಎಂದು ನಾನೇ ಕಟ್ಟಪ್ಪಣೆ ಮಾಡಿ ಡ್ರಮ್ಮಿನ ಕೋಲು ಎತ್ತಿಕೊಂಡೆ.

ನಾಲ್ಕನೆಯ ಹಾಡಿನ ಕೊನೆಗೆ ಶಿವಣ್ಣನ ದನಿ ಒಡೆದು ಬರೀ ಗಾಳಿಯಾಯಿತು. ಮಾದೇವಮ್ಮ ಕೀಬೋರ್ಡಿನಿಂದ ಕೈ ತೆಗೆದಳು.

“ಸಾಕು ಕಣಣ್ಣ. ಐದನೇದು ಇರ್ಲಿ, ಗಂಟ್ಲು ನೋಯಿಸ್ಕಬ್ಯಾಡ.”

“ಅದ್ರಲ್ಲಿ ನಂದೇನದವ್ವಾ?” ಶಿವಣ್ಣ ಪಿಸುಗುಟ್ಟಿದ. “ದೊರೆ ಒಂಟೋದ. ಇನ್ನು ನೀವು ಬಾರಿಸ್ಬೇಕು. ಅದೇ ಐದನೇದು.”

“ಏನ್ಲಾ ಬಾರ್ಸೋದು?” ಎಂದ ಸಿದ್ದಪ್ಪ.

“ಅವ್ನಿಲ್ದಿದ್ರೆ ನಿಮ್ಗೆ ಏನ್ ಬತ್ತದೋ ಅದ್ನೇ.”

ಹೇಳಿದವನೇ ಜಗಲಿ ಇಳಿದು, ಬೀದಿಯ ಕಡೆಯ ಮೆಟ್ಟಿಲ ಮೇಲೆ ನಮಗೆ ಎದುರಾಗಿ ಕೂತ. ಅವನ ಮುಖವನ್ನು ಡ್ರಮ್ಮಿನ ಹಿಂದಿನಿಂದ ನಾನು ನೋಡಿದ್ದು ಅದೇ ಮೊದಲು. ಇಷ್ಟು ವರ್ಷ ಕಂಡದ್ದೆಲ್ಲ ಬೆನ್ನು. ಸಿದ್ದಪ್ಪ ಒಂದು ತಂತಿ ಮೀಟಿದ. ಮಾದೇವಮ್ಮ ಅದನ್ನು ಹಿಡಿದಳು. ತಡವರಿಸಿದೆವು, ಒಬ್ಬರನ್ನೊಬ್ಬರು ಹುಡುಕಿದೆವು, ಆಮೇಲೆ ಸಿಕ್ಕೆವು. ಅದು ಎಷ್ಟು ಹೊತ್ತು ನಡೆಯಿತೋ, ಜೀವನದಲ್ಲಿ ಮೊದಲ ಸಲ ನಾನು ಗಡಿಯಾರ ನೋಡಲಿಲ್ಲ.

ನಿಲ್ಲಿಸಿದಾಗ ಶಿವಣ್ಣ ಕೈಯೆತ್ತಿ, ಇದ್ದಬದ್ದ ದನಿಯಲ್ಲಿ “ಒನ್ಸ್ ಮೋರ್” ಎಂದ.

ಕಟ್ಟಳೆ ಕಟ್ಟಳೆಯೇ. ಮತ್ತೆ ನುಡಿಸಿದೆವು.

ಎಲ್ಲರನ್ನೂ ಕಳಿಸಿ, ಡ್ರಮ್ಮಿನ ತಿರುಪು ಸಡಿಲಿಸಿ, ಗವಸು ಹಾಕಿ, ಜಗಲಿ ಗುಡಿಸಿದೆ. ಜರಿಯ ಚೂರನ್ನು ಮಾತ್ರ ಬಿದ್ದಲ್ಲೇ ಬಿಟ್ಟೆ.