ಗುರುಗಳು ಇಸಿದುಕೊಂಡ ಕಂಸಾಳೆ

ಮೂರು ದೋಣಿಯ ಮೇಲೆ ಕಾಲಿಟ್ಟವಳು ಎಂದು ಕಂಡವರೆಲ್ಲ ನನ್ನನ್ನು ಆಡಿಕೊಳ್ಳುತ್ತಿದ್ದರು. ಇರುವುದು ಎರಡೇ ಕಾಲೆಂಬುದು ನನಗೂ ಗೊತ್ತಿತ್ತು. ಬೆಳಗಾಗುತ್ತಲೇ ಧನಗೆರೆಯಿಂದ ಕೊಳ್ಳೇಗಾಲಕ್ಕೆ ಬಂದು ರೇಷ್ಮೆ ನೂಲು ತೆಗೆಯುವ ಕೆಲಸ. ಅಲ್ಲಿಂದ ಯಳಂದೂರಿನ ಮೇಲೆ ಹೋಗುವ ಬಸ್ಸು ಹಿಡಿದು ವಿಶ್ವವಿದ್ಯಾಲಯದ ಕೇಂದ್ರದಲ್ಲಿ ಎಂ.ಎ. ಪಾಠ. ಸೋಮವಾರ ಮಾತ್ರ ಪಾಠ ಬಿಟ್ಟು ಹನೂರಿನ ಗುರುಗಳ ಬಳಿ ಬೀಸು ಕಂಸಾಳೆ. ಸೋಮವಾರ ಮಾದಪ್ಪನ ದಿನ, ಗುರುಗಳು ಬೇರೆ ದಿನ ಒಪ್ಪುತ್ತಿರಲಿಲ್ಲ. ನಮ್ಮ ಮೇಷ್ಟ್ರು ಜನಪದ ಕಲೆಗಳ ಪಾಠ ಮಾಡುತ್ತಿದ್ದದ್ದೂ ಸೋಮವಾರವೇ. ಕಂಸಾಳೆಯ ಬಗ್ಗೆ ಅವರು ಏನು ಹೇಳಿದರೋ ನಾನು ಕೇಳಲಿಲ್ಲ, ನಾನು ಕುಣಿಯುತ್ತಿದ್ದೆ.

ಎಡಗೈಯಲ್ಲಿ ಕಂಚಿನ ಬಟ್ಟಲು, ಬಲಗೈಯಲ್ಲಿ ದಾರಕ್ಕೆ ಕಟ್ಟಿದ ತಾಳ. ತಾಳ ಬೀಸಿ ನಮ್ಮ ಬಟ್ಟಲಿಗೂ ಬಡಿಯಬೇಕು, ಪಕ್ಕದವರ ಬಟ್ಟಲಿಗೂ ಬಡಿಯಬೇಕು. ಮೇಳದಲ್ಲಿ ಎಲ್ಲರೂ ಗಂಡಸರು, ನಾನೊಬ್ಬಳೇ ಹೆಣ್ಣು. ಗುರುಗಳು ಒಂದು ವರ್ಷ ನನ್ನನ್ನು ಸುಮ್ಮನೆ ಕೂರಿಸಿ ನೋಡಿ, ಆಮೇಲೆ ಕಂಸಾಳೆ ಕೊಟ್ಟಿದ್ದರು. ಅದು ಕೈಗೆ ಬಂದ ದಿನ ನಾನು ಅತ್ತಿದ್ದೆ.

ಕಷ್ಟವೆಲ್ಲ ಇದ್ದದ್ದು ಕೈಯಲ್ಲಿ. ಬಿಸಿನೀರಿನ ಬಾನಿಯಲ್ಲಿ ಬೆರಳಾಡಿಸಿ ಗೂಡಿನ ಎಳೆ ಹುಡುಕುವವರ ಚರ್ಮ ಬಿರಿಯುತ್ತದೆ. ನಮ್ಮಲ್ಲಿ ಹೆಂಗಸರೆಲ್ಲ ಅದಕ್ಕೆ ಹರಳೆಣ್ಣೆ ಸವರಿಕೊಳ್ಳುತ್ತಾರೆ. ಯಳಂದೂರಿನಲ್ಲಿ ಒಂದು ಕಾರ್ಯಕ್ರಮವಿದ್ದ ದಿನ ಉರಿ ತಡೆಯಲಾಗದೆ ನಾನೂ ಸವರಿಕೊಂಡೆ. ಚೆನ್ನಾಗಿ ಒರೆಸಿಕೊಂಡಿದ್ದೇನೆ ಅಂದುಕೊಂಡೆ. ಕುಣಿತ ರಭಸಕ್ಕೆ ಏರಿದಾಗ ಕೈ ಬೆವರಿ ದಾರ ಜಾರಿತು. ತಾಳ ಹಾರಿ ಪಕ್ಕದಲ್ಲಿ ಕುಣಿಯುತ್ತಿದ್ದ ಮಧುವನಹಳ್ಳಿಯ ಹುಡುಗನ ಹುಬ್ಬಿಗೆ ಬಡಿಯಿತು. ಎರಡು ಹೊಲಿಗೆ ಬಿತ್ತು.

"ಬುಡು ಅತ್ಲಾಗೆ, ಇದ್ಯಾವ್ ಗಾಯ" ಎಂದು ಅವನು ನಕ್ಕುಬಿಟ್ಟ. ಮೇಳದಲ್ಲಿ ಪೆಟ್ಟು ತಿನ್ನದವರೇ ಇರಲಿಲ್ಲ. ಗುರುಗಳು ಮಾತ್ರ ನಗಲಿಲ್ಲ. ನನ್ನ ಅಂಗೈ ಮೂಸಿ ನೋಡಿದರು.

"ಎಣ್ಣೆ ಕೈಲಿ ದೇವ್ರ ಸಾಮಾನು ಮುಟ್ದಲ್ಲವ್ವ. ತತ್ತಾ ಇಲ್ಲಿ. ಒಂದ್ ವರ್ಸ ಇದ್ನ ಮುಟ್ಬ್ಯಾಡ."

ಕೊಟ್ಟೆ. ತಪ್ಪು ನನ್ನದೇ ಎಂದು ತಲೆ ತಗ್ಗಿಸಿ ಕೊಟ್ಟೆ.

ಆ ವರ್ಷ ಸೋಮವಾರಗಳೂ ಪಾಠಕ್ಕೆ ಹೋದೆ. ಹಾಜರಾತಿ ತುಂಬಿತು. ಅವ್ವನ ಮುಖ ಅರಳಿತು. ನನಗೋ ಬಸ್ಸಿನ ಕಿಟಕಿಯ ಸರಳಿಗೆ ಬೆರಳು ಬಡಿಯುವುದೇ ಕುಣಿತವಾಯಿತು. ಚರ್ಮ ಎಷ್ಟು ಬಿರಿದರೂ ಮತ್ತೆ ಹರಳೆಣ್ಣೆ ಮುಟ್ಟಲಿಲ್ಲ. ಮೇಳ ಎಲ್ಲೆಲ್ಲಿಗೋ ಹೋಗಿ ಬಂದ ಫೋಟೋಗಳನ್ನು ಆ ಹುಡುಗ ಫೋನಿಗೆ ಕಳಿಸುತ್ತಿದ್ದ. ನಾನು ನೋಡದೆ ಅಳಿಸುತ್ತಿದ್ದೆ.

ಫಸ್ಟ್ ಕ್ಲಾಸ್ ಬಂತು. ಅಂಕಪಟ್ಟಿ ಕೊಡುವಾಗ ಮೇಷ್ಟ್ರು ಬೀಗುತ್ತಾ ಹೇಳಿದರು: "ಇದರಲ್ಲಿ ನಂದೂ ಪಾಲಿದೆ ಕಣಮ್ಮ. ನಿಮ್ಮ ಗುರುಗಳಿಗೆ ನಾನೇ ಫೋನ್ ಮಾಡಿದ್ದೆ. ಕುಣಿತ ಬಿಡಿಸಿ, ಇಲ್ಲದಿದ್ದರೆ ಹುಡುಗಿ ಪರೀಕ್ಷೆಗೇ ಕೂರೋ ಹಾಗಿಲ್ಲ ಅಂದೆ. ಆ ಯಳಂದೂರು ಪ್ರೋಗ್ರಾಮಿಗೆ ಒಂದು ವಾರ ಮುಂಚೆ."

ಒಂದು ವಾರ ಮುಂಚೆ! ಎಣ್ಣೆ ಬರೀ ನೆಪ. ಇಬ್ಬರು ಗಂಡಸರು ಫೋನಿನಲ್ಲೇ ನನ್ನ ಬಾಳು ತೀರ್ಮಾನ ಮಾಡಿದ್ದರು, ನಾನು ಮಾತ್ರ ವರ್ಷವಿಡೀ ನನ್ನ ಕೈಯನ್ನು ಬೈದುಕೊಂಡಿದ್ದೆ. ಮಧುವನಹಳ್ಳಿಯ ಹುಡುಗ ಡಿಗ್ರಿಯಲ್ಲಿ ಎರಡು ಸಲ ಡುಮ್ಕಿ ಹೊಡೆದಿದ್ದ. ಅವನ ಕಂಸಾಳೆಯನ್ನು ಯಾರೂ ಇಸಿದುಕೊಂಡಿರಲಿಲ್ಲ.

ಅದೇ ವಾರ ಹನೂರಿಗೆ ಹೋಗಿ ನೇರವಾಗಿ ಕೇಳಿದೆ. ಗುರುಗಳು ಸುಳ್ಳು ಹೇಳಲಿಲ್ಲ.

"ಊಂ ಕಣವ್ವ. ನಿನ್ ಒಳ್ಳೇದ್ಕೇ. ಕೇಳಿದ್ರೆ ನೀ ಬುಡ್ತಿದ್ಯಾ?"

"ಬಿಡ್ತಿರಲಿಲ್ಲ."

"ಅದ್ಕೇ ಕೇಳ್ನಿಲ್ಲ."

ಒಳಗೆ ಹೋಗಿ ಕಂಸಾಳೆ ತಂದುಕೊಟ್ಟರು. ಎದ್ದು ನಿಂತು ಬೀಸಿದೆ. ಮೂರು ಏಟು ಸರಿಯಾಗಿ ಬಿದ್ದವು, ನಾಲ್ಕನೆಯದು ಬಟ್ಟಲ ಅಂಚಿಗೆ ತಗುಲಿತು. ಮತ್ತೆ ಬೀಸಿದೆ, ಮತ್ತೆ ತಪ್ಪಿತು.

"ಕೈ ಮರ್ತದೆ" ಎಂದರು ಗುರುಗಳು, ಮೆತ್ತಗೆ. "ಓಗ್ಲಿ ಬುಡು. ಇನ್ ಕೆಲ್ಸ ಸಿಕ್ತದೆ, ಮದ್ವೆ ಆಯ್ತದೆ. ಇದ್ಯಾಕೆ ನಿಂಗೆ?"

"ಕೈ ಮರೀಲಿಲ್ಲ, ನೀವು ಮರೆಸಿದ್ರಿ" ಎಂದೆ.

ಅಷ್ಟು ಜೋರಾಗಿ ಆ ಮನೆಯಲ್ಲಿ ನಾನೆಂದೂ ಮಾತಾಡಿರಲಿಲ್ಲ. ಕಂಸಾಳೆಯನ್ನು ಅವರ ಕೈಗೇ ಕೊಟ್ಟು, ಕಾಲಿಗೆ ಬೀಳದೆ ಹೊರಟೆ. ಗುರುಗಳು ಬಾಗಿಲವರೆಗೂ ಬಂದು "ಊಟ ಮಾಡ್ಕಂಡ್ ಓಗವ್ವ" ಎಂದು ಕರೆದರು. ನಾನು ತಿರುಗಲಿಲ್ಲ. ಇವತ್ತಿಗೂ ಜನ ನನ್ನ ಅಂಕಪಟ್ಟಿ ನೋಡಿ ಪುಣ್ಯವಂತೆ ಅನ್ನುತ್ತಾರೆ, ನನಗೆ ಮೈಯೆಲ್ಲ ಉರಿಯುತ್ತದೆ.