ಮೈನಸ್ ಐದರಲ್ಲಿ ಬಳಚು ಜಾಸ್ತಿ

ನನಗೆ ಎಲ್ಲರ ಧ್ವನಿಯೂ ಬರುತ್ತದೆ. ಅಂಕೋಲೆಯಿಂದ ಕಾರವಾರಕ್ಕೆ ಬರುವ ಬಸ್ಸಿನ ಕಂಡಕ್ಟರು ಮೂಗಿನೊಳಗಿಂದಲೇ "ಮುಂದೆ ಹೋಗ್ರೋ, ಮುಂದೆ ಪೂರಾ ಖಾಲಿ ಅದೆ" ಅನ್ನುವುದು ಬರುತ್ತದೆ. ನನಗೆ ಕೋಣೆ ಬಾಡಿಗೆಗೆ ಕೊಟ್ಟ ಮುದುಕಪ್ಪ ಕೆಮ್ಮುವ ಮೊದಲು ಕೆಮ್ಮಿಗೆ ಗಂಟಲು ಸರಿಮಾಡಿಕೊಳ್ಳುವುದು ಬರುತ್ತದೆ. ಮೀನು ಮಾರುವವಳು ಬಂಗಡೆಯ ದರ ಹೇಳುವ ಮುಂಚೆ ಗಿರಾಕಿಯನ್ನು ಕಾಲಿನಿಂದ ತಲೆಯವರೆಗೆ ನೋಡಿ, ಇವನಿಗೆ ಯಾಕೆ ಹೇಳಬೇಕು ಎಂಬಂತೆ ಉಸಿರು ಬಿಡುವುದಂತೂ ಅವಳಿಗಿಂತ ನನಗೇ ಚೆನ್ನಾಗಿ ಬರುತ್ತದೆ. ಅವಳೇ ಒಪ್ಪಿದ್ದಾಳೆ. ದರ ಮಾತ್ರ ಇಳಿಸಲಿಲ್ಲ.

ಬಿ.ಎಡ್. ಮುಗಿಸಿ ಕಾರವಾರದ ಕೋಡಿಬಾಗದಲ್ಲಿ ಹೊಳೆ ಬದಿಯ ಒಂದು ಶಾಲೆಗೆ ಗಣಿತದ ಅತಿಥಿ ಶಿಕ್ಷಕನಾಗಿ ಬಂದೆ. ಅತಿಥಿ ಎನ್ನುವುದು ಹೆಸರಿಗೆ; ಯಾರೂ ಊಟಕ್ಕೆ ಕರೆಯುವುದಿಲ್ಲ. ಮಕ್ಕಳ ಮನೆಯಲ್ಲಿ ಕೊಂಕಣಿ. ನನ್ನ ಮನೆಯಲ್ಲಿ ಅಗಸೂರಿನ ಗದ್ದೆ ಬದಿಯ ಕನ್ನಡ. ಇಬ್ಬರೂ ಶಾಲೆಗೆ ಬಂದು ಪಠ್ಯಪುಸ್ತಕದ ಕನ್ನಡವನ್ನು ಯಾರದೋ ಮದುವೆಗೆ ಹಾಕಿದ ಅಂಗಿಯ ಹಾಗೆ ತೊಟ್ಟು ಕೂರುತ್ತಿದ್ದೆವು.

ನಾನಿರುವ ಕೋಣೆ ಮನೆಯ ಹಿಂಬದಿಗೆ, ಬಾವಿಯ ಪಕ್ಕ. ಸಂಜೆ ಐದಕ್ಕೆ ಬಾಗಿಲು ತೆಗೆದರೆ ಮರುದಿನ ಒಂಬತ್ತರವರೆಗೆ ನನ್ನ ಜೊತೆ ಮಾತಾಡುವವನು ನಾನೊಬ್ಬನೇ. ಹಾಗಂತ ಕೋಣೆ ಬಿಕೋ ಅನ್ನುತ್ತಿರಲಿಲ್ಲ. ಅನ್ನಕ್ಕೆ ಇಡುವಾಗ ಕಂಡಕ್ಟರು ಬರುತ್ತಿದ್ದ, ಪಾತ್ರೆ ತೊಳೆಯುವಾಗ ಮೀನಿನವಳು ಬರುತ್ತಿದ್ದಳು. ಮುದುಕಪ್ಪ ಒಮ್ಮೆ ಕಿಟಕಿಯಲ್ಲಿ ಇಣುಕಿ, "ಯಾರೋ ನೆಂಟರು ಬಂದ ಹಾಗಿದೆ" ಎಂದಿದ್ದರು. ಹೌದು, ಹೊರಟರು ಎಂದೆ.

ಊರಿಗೆ ಫೋನು ಮಾಡಿದಾಗಲೂ ಅಷ್ಟೇ. ಅವ್ವ ಎತ್ತಿದ ಕೂಡಲೇ ಕಂಡಕ್ಟರಾಗುತ್ತಿದ್ದೆ. "ಅಗಸೂರು ಯಾರು ಇಳೀತ್ರಿ?" ಅವಳು ನಗುತ್ತಿದ್ದಳು. ಒಂದು ದಿನ ನಗು ಮುಗಿದ ಮೇಲೆ, "ಸಾಕು, ಇನ್ನು ಅಂವ ಹೋಗ್ಲಿ. ನನ್ನ ಮಗನ ಕೈಲಿ ಕೊಡು ಫೋನು" ಎಂದಳು. ನಾನು ಬಾಯಿ ತೆರೆದೆ. ಯಾವ ಧ್ವನಿಯಲ್ಲಿ ಶುರು ಮಾಡಬೇಕೋ ತಿಳಿಯಲಿಲ್ಲ. "ನೆಟ್‌ವರ್ಕ್ ಇಲ್ಲೆ ಅವ್ವ" ಎಂದು ಇಟ್ಟುಬಿಟ್ಟೆ. ನೆಟ್‌ವರ್ಕ್ ಭರ್ತಿ ಇತ್ತು.

ಏಳನೇ ತರಗತಿಗೆ ಪೂರ್ಣಾಂಕಗಳು ಬಂದವು. ಸೊನ್ನೆಗಿಂತ ದೊಡ್ಡವು, ಸೊನ್ನೆಗಿಂತ ಚಿಕ್ಕವು. ಪುಸ್ತಕದ ಹಾಗೆಯೇ ಹಿಮ ಬೀಳುವ ಊರಿನ ಉಷ್ಣತೆಯಿಂದ ಆರಂಭಿಸಿದೆ. ಮೈನಸ್ ನಾಲ್ಕು ಡಿಗ್ರಿ ಅಂದರೆ ಎಷ್ಟು ಚಳಿ ಎಂದು ಹಲ್ಲು ಕಟಕಟ ಮಾಡಿ ತೋರಿಸಿದೆ. ಬೈತಖೋಲ ಬಂದರಿನಲ್ಲಿ ಐಸ್ ಹೊರುವವನ ಮಗನೊಬ್ಬ ಎದ್ದು ನಿಂತ. "ನಮ್ಮಪ್ಪ ಐಸಿನ ಕೋಣೆಯೊಳಗೆ ಬರೇ ಬನಿಯನ್ನಲ್ಲೇ ಹೋಗ್ತಾರೆ ಸರ. ಹಲ್ಲು ಹಾಂಗೆ ಮಾಡೂದಿಲ್ಲ." ನನ್ನ ಹಿಮ ಅಲ್ಲಿಗೇ ಕರಗಿತು.

ಮರುದಿನ ಹಲಗೆಯ ಮೇಲೆ ಮೆಟ್ಟಿಲು ಬರೆದೆ. ಶಾಲೆಯ ಹಿಂದೆ ಕಾಳಿ ಹೊಳೆಗೆ ಇಳಿಯುವ ಕಲ್ಲಿನ ಮೆಟ್ಟಿಲು ಇವೆ, ಅವೇ. ನಡುವಿನದು ಸೊನ್ನೆ. ಮೇಲಿನವು ಪ್ಲಸ್, ಕೆಳಗಿನವು ಮೈನಸ್. ನೀರು ಸೊನ್ನೆಯಲ್ಲಿತ್ತು, ಇಳತಕ್ಕೆ ಮೂರು ಮೆಟ್ಟಿಲು ಇಳಿಯಿತು, ಆಮೇಲೆ ಭರತಿಗೆ ಐದು ಏರಿತು. ಈಗ ಎಲ್ಲಿದೆ? "ಪ್ಲಸ್ ಎರಡು!" ಎಂದು ಇಡೀ ತರಗತಿ ಕೂಗಿತು. ಸಮುದ್ರ ದಿನಕ್ಕೆ ಎರಡು ಸಲ ಹೊಳೆಯೊಳಗೆ ಬಂದು ಹೋಗುವುದನ್ನು ನೋಡುತ್ತ ಬೆಳೆದ ಮಕ್ಕಳು. ನಮ್ಮ ಊರ ಹಳ್ಳಕ್ಕೆ ಇಳಿಯುವುದೊಂದೇ ಗೊತ್ತು. ಅವತ್ತು ಇವರಿಗೆ ನಾನು ಕಲಿಸಿದೆನೋ, ಇವರು ನನಗೆ ಕಲಿಸಿದರೋ, ಖುಷಿ ಮಾತ್ರ ನನ್ನದು ಎಂದುಕೊಂಡೆ.

ಆ ಖುಷಿಯಲ್ಲೇ ಕೇಳಿದೆ. "ಒಂದು ದಿನ ನೀರು ಮೈನಸ್ ಎರಡರಲ್ಲಿದೆ. ಇನ್ನೊಂದು ದಿನ ಮೈನಸ್ ಐದರಲ್ಲಿದೆ. ಯಾವುದು ದೊಡ್ಡದು?"

ಕೊನೆಯ ಬೆಂಚಿನ ಹುಡುಗಿಯೊಬ್ಬಳು ಎದ್ದಳು. ಹಾಜರಿ ಕರೆದಾಗ "ಹಾಜರ್ ಸರ" ಎನ್ನುವುದು ಬಿಟ್ಟರೆ ಅವಳ ಧ್ವನಿಯನ್ನು ನಾನು ಕೇಳಿಯೇ ಇರಲಿಲ್ಲ.

"ಮೈನಸ್ ಐದೇ ದೊಡ್ಡದು ಸರ."

"ಹೌದಾ? ಹೇಗೆ?"

"ಐದರಲ್ಲಿ ಬಾ...ಳ ಸಿಕ್ತದೆ ಸರ. ಬಳಚು."

ಬಳಚು ಅಂದರೆ ಹೊಳೆಯ ತಳದ ಚಿಪ್ಪುಮೀನು. ನೀರು ಇಳಿದಾಗ ಹೆಂಗಸರು ಕೆಸರಿನಲ್ಲಿ ಕಾಲಿನಿಂದಲೇ ಹುಡುಕಿ ಬುಟ್ಟಿ ತುಂಬುತ್ತಾರೆ. ಇದೆಲ್ಲ ನನಗೆ ಆಗಲೂ ಗೊತ್ತಿತ್ತು. ಆದರೆ ನನ್ನ ಕಿವಿಗೆ ಬಿದ್ದದ್ದು ಉತ್ತರವಲ್ಲ, ಆ "ಬಾ...ಳ". ಕೊಂಕಣಿಯ ರಾಗದಲ್ಲಿ ಎಳೆದು, ಕೊನೆಗೆ ಸ್ವಲ್ಪ ನಡುಗಿದ ಧ್ವನಿ. ಅದು ಎಷ್ಟು ಚೆಂದ ಇತ್ತೆಂದರೆ ನನ್ನ ಬಾಯಿ ನನ್ನನ್ನು ಕೇಳದೆ ಅದನ್ನು ಎತ್ತಿಕೊಂಡಿತು. "ಬಾ...ಳ ಸಿಕ್ತದೆ ಸರ, ಬಳಚು." ಕೈಯನ್ನೂ ಅವಳ ಹಾಗೆಯೇ ಲಂಗಕ್ಕೆ ಒರೆಸಿದಂತೆ ಮಾಡಿದೆ. ತರಗತಿ ಬಿದ್ದು ಬಿದ್ದು ನಕ್ಕಿತು. ಅವಳೂ ನಕ್ಕಳು, ಬಾಯಿ ಮುಚ್ಚಿಕೊಂಡು. ಮತ್ತೆ ಕೂತಳು.

ಮರುದಿನ ಹಾಜರಿಗೆ ಅವಳು "ಹಾಜರ್ ಸರ" ಎನ್ನಲಿಲ್ಲ. ಕೈ ಎತ್ತಿದಳು. ಅದರ ಮರುದಿನವೂ ಕೈ. ನಾನು ಚೇಷ್ಟೆ ಮಾಡಿದೆ, ಚಾಕೊಲೇಟು ಕೊಟ್ಟೆ, ಬೇರೆಯವರ ಧ್ವನಿ ತೆಗೆದು ನಗಿಸಿದೆ. ಎಲ್ಲರೂ ನಕ್ಕರು. ಅವಳು ಚಾಕೊಲೇಟನ್ನು ಪಕ್ಕದವಳಿಗೆ ಕೊಟ್ಟಳು. ಎಂಟು ದಿನ ಹೀಗೇ ಹೋಯಿತು.

ಹೆಡ್ ಅಕ್ಕೋರು, ಅಂದರೆ ನಮ್ಮ ಮುಖ್ಯೋಪಾಧ್ಯಾಯಿನಿ, ನನ್ನನ್ನು ಕರೆದರು.

"ಅದರ ಬಾಯಿ ಬಿಡಿಸೂಕೆ ನನಗೆ ಎರಡು ವರ್ಷ ಹಿಡೀತು ಮಾಸ್ತರೇ. ಕನ್ನಡದಲ್ಲಿ ತಪ್ಪಾದ್ರೆ ನಗ್ತಾರೆ ಹೇಳಿ ಹೆದ್ರಿಕೆ ಅದಕ್ಕೆ. ಯಾರೂ ನಗೂದಿಲ್ಲ ಹೇಳಿ ನಾನೇ ಮಾತು ಕೊಟ್ಟಿದ್ದೆ."

"ತಮಾಷೆಗೆ ಮಾಡ್ದೆ ಅಕ್ಕೋರೇ..."

"ತಮಾಷೆ ಗೊತ್ತಾಗ್ತದೆ. ನನ್ನ ಸ್ವರ ತೆಗೀತ್ರಲ್ಲ ಸ್ಟಾಫ್ ರೂಮಿನಲ್ಲಿ, ನಾ ಬಾಗಿಲ ಹೊರಗೆ ನಿಂತು ಕೇಳಿ ನಕ್ಕೇ ಒಳಗೆ ಬರೂದು. ನಂದು ಐವತ್ತು ವರ್ಷ ಹಳೇ ಬಾಯಿ, ಏನೂ ಆಗೂದಿಲ್ಲ. ಅದರದ್ದು ಈಗ ಹುಟ್ಟಿದ ಬಾಯಿ." ಕನ್ನಡಕ ತೆಗೆದು ಒರೆಸಿದರು. "ಈ ವರ್ಷ ಮುಚ್ಚಿದ್ರೆ ಮುಂದೆ ಹೈಸ್ಕೂಲಲ್ಲಿ ತೆರೆಸುವವರು ಯಾರು?"

ಅವತ್ತು ಸಂಜೆ ಕೋಣೆಗೆ ಯಾರೂ ಬರಲಿಲ್ಲ. ಕಂಡಕ್ಟರನ್ನು ಕರೆದು ನೋಡಿದೆ, ಅರ್ಧಕ್ಕೇ ಇಳಿದು ಹೋದ. ಅನ್ನ ತಳ ಹಿಡಿಯಿತು. ಬಾವಿಯ ರಾಟೆ ಗಾಳಿಗೆ ಸದ್ದು ಮಾಡುತ್ತಿತ್ತು. ಅದನ್ನೂ ಅನುಕರಿಸಬಹುದಿತ್ತು, ಮಾಡಲಿಲ್ಲ.

ಶನಿವಾರ ಬೆಳಗಿನ ಶಾಲೆ. ಬಿಟ್ಟ ಮೇಲೆ ಹಿಂದಿನ ಮೆಟ್ಟಿಲಿಗೆ ಹೋದೆ. ಒಳ್ಳೆ ಇಳತ. ನಾನು ಹಲಗೆಯ ಮೇಲೆ ಬರೆದ ಸೊನ್ನೆ ಎಲ್ಲೋ ಮೇಲೆ ಒಣಗಿ ಬಿಸಿಲು ಕಾಯುತ್ತಿತ್ತು. ಹೊಳೆಯ ನಡುವಿನವರೆಗೂ ಕೆಸರು ಎದ್ದು, ಹೆಂಗಸರು ಅಲ್ಲಲ್ಲಿ ಬಗ್ಗಿದ್ದರು. ಹುಡುಗಿ ಅವಳ ತಾಯಿಯ ಪಕ್ಕ, ಮೊಣಕಾಲಿನ ಮಟ್ಟದ ನೀರಿನಲ್ಲಿ. ಬುಟ್ಟಿ ಅರ್ಧ ತುಂಬಿತ್ತು.

ನಾನು ಪ್ಯಾಂಟು ಮಡಚಿ ಇಳಿದೆ. ನಾಲ್ಕನೇ ಹೆಜ್ಜೆಗೆ ಬಲಗಾಲು ಮೊಣಕಾಲಿನವರೆಗೆ ಹೂತಿತು. ಎಳೆದೆ, ಕಾಲು ಬಂತು, ಚಪ್ಪಲಿ ಬರಲಿಲ್ಲ.

"ಮಾಸ್ತರೇ, ಆ ಬದಿ ಬೇಡ, ಅಲ್ಲಿ ಮೆತ್ತಗೆ ಅದೆ!" ತಾಯಿ ಕೂಗಿದಳು. "ಅಲ್ಲೇ ನಿಲ್ಲಿ. ಬಳಚು ಬೇಕಾದ್ರೆ ಮನೆಗೆ ಕಳ್ಸ್ತೆ, ನೀವು ಯಾಕೆ ಇಳೀತ್ರಿ?"

"ಬಳಚಿಗಲ್ಲ. ನಿಮ್ಮ ಮಗಳ ಹತ್ರ ಒಂದು ಲೆಕ್ಕ ತಪ್ಪಾಗಿತ್ತು."

ಹುಡುಗಿ ತಲೆ ಎತ್ತಲಿಲ್ಲ. ಅವಳ ಬೆನ್ನಿಗೇ ಹೇಳಿದೆ. ಒಂದೇ ಕಾಲಿನ ಮೇಲೆ ನಿಂತು ಹೇಳಿದ್ದರಿಂದ ಮಾತಿಗೆ ಗಾಂಭೀರ್ಯ ಬರಲಿಲ್ಲ.

"ತಪ್ಪು ಅವಳದ್ದಲ್ಲ, ನನ್ನದು. ನಾ ಕೇಳಿದ್ದು ನೀರಿಂದು. ನೀರಿಗೆ ಮೈನಸ್ ಎರಡು ದೊಡ್ಡದು. ನೀ ಹೇಳಿದ್ದು ಬಳಚಿಂದು. ಬಳಚಿಗೆ ಮೈನಸ್ ಐದೇ ಸರಿ. ನಾ ಅದನ್ನ ಕೇಳ್ಲೇ ಇಲ್ಲ. ನಿನ್ನ ಸ್ವರ ತೆಗೆದು ಎಲ್ಲರನ್ನೂ ನಗಿಸ್ದೆ. ಇನ್ನು ತೆಗಿಯೂದಿಲ್ಲ. ಗೊತ್ತಾಯ್ತಾ?"

"ಗೊತ್ತಾಯ್ತು" ಎಂದು ನಾನೇ ಹೇಳಿಕೊಂಡು ಮೆಟ್ಟಿಲ ಕಡೆ ತಿರುಗಿದೆ.

ಆಗ ಹಿಂದಿನಿಂದ ಒಂದು ಧ್ವನಿ ಬಂತು. ಗಂಡಸಿನ ಧ್ವನಿಯ ಹಾಗಿತ್ತು. "ಗೊತ್ತಾಯ್ತಾ?" ಎಂದು ಜೋರಾಗಿ ಏರಿತು. ತುಸು ನಿಂತಿತು. ಆಮೇಲೆ ಯಾರೋ ಖಾಲಿ ಮನೆಯೊಳಗಿಂದ ಓಗೊಟ್ಟ ಹಾಗೆ, ಸಣ್ಣಗೆ, ಇಳಿದು, "ಗೊತ್ತಾಯ್ತು."

ತಿರುಗಿ ನೋಡಿದೆ. ಹುಡುಗಿ ಬಗ್ಗಿಕೊಂಡೇ ಇದ್ದಳು.

"ಇದು ಯಾರದ್ದು?" ಎಂದೆ. ನಿಜಕ್ಕೂ ತಿಳಿಯಲಿಲ್ಲ.

ತಾಯಿ ಸೊಂಟಕ್ಕೆ ಕೈ ಕೊಟ್ಟು ನಕ್ಕಳು. ಆಚೆಯ ಹೆಂಗಸರೂ ನಕ್ಕರು. "ನಿಮ್ದೇ ಅಲ್ಲಾ ಮಾಸ್ತರೇ! ದಿನಾ ಮನೆಯಲ್ಲಿ ತೆಗೀತಾಳೆ. ನೀವೇ ಕೇಳೂದು, ನೀವೇ ಹೇಳೂದು ಅಂತೆ. ಇಡೀ ದಿನ ಹಾಂಗೇ ಅಂತೆ."

ನಾನೂ ನಕ್ಕೆ; ನಗದೆ ಇರಲು ಸಾಧ್ಯವೇ ಇರಲಿಲ್ಲ, ಅಷ್ಟು ಚೆನ್ನಾಗಿ ತೆಗೆದಿದ್ದಳು. ಒಂದು ಕಾಲಿಗೆ ಚಪ್ಪಲಿ, ಒಂದು ಕಾಲಿಗೆ ಕೆಸರು, ಹಾಗೇ ಕೋಣೆಗೆ ನಡೆದೆ. ದಾರಿಯುದ್ದಕ್ಕೂ ನಗು ಇತ್ತು. ಬಾಗಿಲು ಹಾಕಿ ಕಾಲು ತೊಳೆಯುವಾಗ ಆ ಎರಡನೆಯ "ಗೊತ್ತಾಯ್ತು" ಮತ್ತೆ ಕೇಳಿಸಿತು. ಅದನ್ನು ನಾನು ತೆಗೆದು ನೋಡಿದೆ. ಬರಲಿಲ್ಲ. ಅವಳು ತೆಗೆದಷ್ಟು ಸಣ್ಣಗೆ ನನಗೆ ಬರಲಿಲ್ಲ. ಆಮೇಲೆ ಅವ್ವನಿಗೆ ಫೋನು ಮಾಡಿದೆ. ಎತ್ತಿದಳು. "ಅವ್ವ" ಎಂದೆ. "ಎಂತಾ ಮಗಾ, ಹುಷಾರಿಲ್ವಾ?" ಎಂದಳು.

ಸೋಮವಾರ ಹಾಜರಿ ತೆಗೆದೆ. ಅವಳ ಸರದಿಗೆ ಮತ್ತೆ ಕೈಯೇ ಬಂತು. ಹಲಗೆಯ ಮೇಲೆ ಮೆಟ್ಟಿಲು ಬರೆದೆ, ನೀರಿಗೆ ಒಂದು ಬಾಣ, ಬಳಚಿಗೆ ಇನ್ನೊಂದು. ಮೈನಸ್ ಎರಡರಿಂದ ಮೂರು ಕಳೆಯುವುದನ್ನು ಇಳಿದು ಇಳಿದು ತೋರಿಸಿದೆ. ಮುಗಿಸಿ, "ಗೊತ್ತಾಯ್ತಾ?" ಎಂದೆ.

ನನ್ನ ಬಾಯಿ ಉತ್ತರಕ್ಕೆ ತಯಾರಾಗಿತ್ತು. ಹಲ್ಲು ಕಚ್ಚಿ ಹಿಡಿದೆ. ಮಕ್ಕಳು ಇನ್ನೊಂದು ಮಾತು ಬರುತ್ತದೆಂದು ಕಾದರು, ಬರಲಿಲ್ಲ. ಒಬ್ಬ ಕಿಸಕ್ಕೆಂದ. ಹೊರಗೆ ಹೊಳೆಯ ಮೇಲೆ ಯಾವುದೋ ದೋಣಿಯ ಇಂಜಿನು ಶುರುವಾಗಿ, ದೂರವಾಗಿ, ಕೇಳದಾಯಿತು.

ಕೊನೆಯ ಬೆಂಚಿನಿಂದ, ರಾಗ ಎಳೆದು, ಸ್ವಲ್ಪ ನಡುಗುತ್ತ ಬಂತು:

"ಇಲ್ಲ ಸರ. ಗೊತ್ತಾಗ್ಲಿಲ್ಲ."